ಪಕ್ಕದ ರೆಕ್ಕೆಯ ಮೇಲೆ ಕಣ್ಣಿಟ್ಟು

ಮೊದಲ ಸಲ ನಾನು ಕಂಪ್ಯೂಟರಿನ ವಿಮಾನ ಸಿಮ್ಯುಲೇಟರಿನಲ್ಲಿ ಲೀಡ್ ವಿಮಾನದ, ಅಂದರೆ ಗುಂಪಿನ ಮುಂದೆ ಹಾರುವ ವಿಮಾನದ ಪಕ್ಕ, ಇರಬೇಕಾದ ಜಾಗದಲ್ಲೇ ಇದ್ದದ್ದು ನಾಲ್ಕು ಸೆಕೆಂಡು. ಆಮೇಲೆ ರೆಕಾರ್ಡಿಂಗ್ ಹಾಕಿ ಎಣಿಸಿದೆ, ಅದಕ್ಕೇ ಗೊತ್ತು. ಐದು ಅನ್ನುವಷ್ಟರಲ್ಲಿ ನನ್ನ ವಿಮಾನ ಮುಂದಕ್ಕೆ ಜಾರಿತ್ತು. ಅದನ್ನು ತಡೆಯಲು ಹೋಗಿ ತುಂಬಾ ಹಿಂದೆ ಬಿದ್ದೆ. ಹಿಂದೆ ಬಿದ್ದೆನಲ್ಲಾ ಅಂತ ಥ್ರಾಟಲ್, ಅಂದರೆ ಇಂಜಿನ್ನಿನ ಬಲ ಏರಿಸಿ ಇಳಿಸುವ ಹಿಡಿಯನ್ನು ದಬ್ಬಿದೆ, ಮತ್ತೆ ಮುಂದೆ. ಆ ಸಂಜೆ ಒಂದೂವರೆ ಗಂಟೆ ಹಾರಿದ್ದರಲ್ಲಿ ನನಗೆ ದಕ್ಕಿದ್ದು ಆ ನಾಲ್ಕು ಸೆಕೆಂಡು ಮಾತ್ರ.

ಆದರೆ ಆ ನಾಲ್ಕು ಸೆಕೆಂಡಿನಲ್ಲಿ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಕ್ಕದ ವಿಮಾನದ ಮೈಮೇಲಿನ ರಿವೆಟ್ಟುಗಳ ಸಾಲು. ಕಾಕ್‌ಪಿಟ್ಟಿನ ಗಾಜಿನ ಮೇಲೆ ಸರಿದು ಹೋದ ಬಿಸಿಲು. ಅದರೊಳಗೆ ಹೆಲ್ಮೆಟ್ ಹಾಕಿದ ಒಂದು ತಲೆ. ಆ ವಿಮಾನವನ್ನು ಹಾರಿಸುತ್ತಿದ್ದವರು ಎಲ್ಲೋ ತಮ್ಮ ಮನೆಯಲ್ಲಿ ಕುರ್ಚಿ ಮೇಲೆ ಕೂತಿದ್ದಾರೆ, ನಾನು ನನ್ನ ಮನೆಯಲ್ಲಿ. ಆದರೂ ನಾವಿಬ್ಬರೂ ಒಂದೇ ಗಾಳಿಯಲ್ಲಿ ಕೈಗೆಟುಕುವಷ್ಟು ಹತ್ತಿರ ಇದ್ದೇವೆ ಅನಿಸಿತು. ಎದೆ ಹೊಡೆದುಕೊಳ್ಳುತ್ತಿತ್ತು.

ಅದಕ್ಕೂ ಮೊದಲು ಎರಡು ವರ್ಷ ನಾನು ಒಬ್ಬನೇ ಹಾರುತ್ತಿದ್ದೆ. ಟೇಕಾಫ್, ಲ್ಯಾಂಡಿಂಗ್, ಮೋಡದೊಳಗೆ ಉಪಕರಣ ನೋಡಿಕೊಂಡು ಇಳಿಯುವುದು, ಎಲ್ಲ ಕಲಿತಿದ್ದೆ. ಹಾರುವುದು ಬಂತು ಅಂತಲೇ ಅಂದುಕೊಂಡಿದ್ದೆ. ಡಿಸಿಎಸ್ ವರ್ಲ್ಡ್ ಸಿಮ್ಯುಲೇಟರ್‌ನಲ್ಲಿ ಒಂದು ದಿನ ಆನ್‌ಲೈನ್ ಗುಂಪೊಂದಕ್ಕೆ ಸೇರಿಕೊಂಡೆ. ಅಲ್ಲಿ ಎಲ್ಲರೂ ಹಾರಿಸುತ್ತಿದ್ದದ್ದು ಎಲ್-39 ಅಲ್ಬಟ್ರಾಸ್. 1968ರಲ್ಲಿ ಮೊದಲ ಸಲ ಹಾರಿದ, ಆಗಿನ ಚೆಕೊಸ್ಲೊವಾಕಿಯಾದ ತರಬೇತಿ ಜೆಟ್. ಎರಡು ಸೀಟು, ನೇರ ರೆಕ್ಕೆ, ರೆಕ್ಕೆಯ ತುದಿಗಳಲ್ಲಿ ಉದ್ದನೆಯ ಇಂಧನ ಟ್ಯಾಂಕು. ನೋಡಲು ಸಾಧುವಾದ ವಿಮಾನ. ಸ್ವಲ್ಪ ವಯಸ್ಸಾದ ಒಬ್ಬರು ಹೊಸಬರಿಗೆ ಕಲಿಸುತ್ತಿದ್ದರು. ನಾವೆಲ್ಲ ಅವರನ್ನು ಸುಮ್ನೆ ‘ಲೀಡ್’ ಅಂತಲೇ ಕರೆಯುತ್ತಿದ್ದೆವು. ಈ ಬರಹದಲ್ಲೂ ಹಾಗೇ ಕರೆಯುತ್ತೇನೆ.

ಫಾರ್ಮೇಶನ್ ಅಂದರೆ ಏನು ಅಂತ ಕೆಳಗಿನಿಂದ ನೋಡಿದವರನ್ನು ಕೇಳಿದರೆ, ಎಲ್ಲ ವಿಮಾನಗಳೂ ಒಂದಕ್ಕೊಂದು ಅಂಟಿಸಿದ ಹಾಗೆ ಹೋಗುವುದು ಅನ್ನುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಒಂದು ಜಾಗ ಇದೆ, ಅಲ್ಲಿಗೆ ಹೋಗಬೇಕು, ಹೋದ ಮೇಲೆ ಅಲ್ಲಿರಬೇಕು, ಅಷ್ಟೇ ಅಲ್ವಾ? ಅಲ್ಲ. ಆ ಜಾಗದಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಆ ಜಾಗದಿಂದ ಜಾರುತ್ತಾ, ಮತ್ತೆ ಅಲ್ಲಿಗೆ ಬರುತ್ತಾ ಇರುತ್ತಾರೆ. ಚೆನ್ನಾಗಿ ಬಲ್ಲವರು ಒಂದು ಗೇಣು ಜಾರಿದಾಗಲೇ ವಾಪಸ್ಸು ಬರುತ್ತಾರೆ. ನನ್ನಂಥ ಹೊಸಬರು ಹತ್ತು ಮೀಟರ್ ಜಾರಿದ ಮೇಲೆ ಎಚ್ಚರಗೊಳ್ಳುತ್ತಾರೆ. ವ್ಯತ್ಯಾಸ ಇರುವುದು ಅಷ್ಟರಲ್ಲೇ.

ಇರಬೇಕಾದ ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವುದಿಲ್ಲ. ಕಣ್ಣಿಗೆ ಕಾಣುವ ಚಿತ್ರದಲ್ಲಿ ಹೇಳುತ್ತಾರೆ. ಲೀಡ್ ವಿಮಾನದ ಪಕ್ಕಕ್ಕೆ, ಸ್ವಲ್ಪ ಹಿಂದೆ, ಸ್ವಲ್ಪ ಕೆಳಗೆ ನಿಲ್ಲಬೇಕು. ಅಲ್ಲಿಂದ ನೋಡಿದಾಗ ಅದರ ರೆಕ್ಕೆ ತುದಿಯ ಲೈಟು, ವಿಮಾನದ ಮೈಮೇಲಿನ ಒಂದು ಗುರುತಿನ ಮೇಲೆ ಬಂದು ಕೂತಿರಬೇಕು. ನಮ್ಮ ಗುಂಪಿನಲ್ಲಿ ಮುಂದಿನ ಕಾಕ್‌ಪಿಟ್ಟಿನ ಕೆಳಗಿನ ಜಾಗವನ್ನು ಗುರುತು ಮಾಡಿಕೊಂಡಿದ್ದೆವು. ಲೈಟು ಆ ಗುರುತಿನಿಂದ ಮೂಗಿನ ಕಡೆ ಸರಿದರೆ ನಾನು ಹಿಂದೆ ಬಿದ್ದಿದ್ದೇನೆ. ಬಾಲದ ಕಡೆ ಸರಿದರೆ ಮುಂದೆ ಹೋಗಿದ್ದೇನೆ. ಗುರುತಿಗಿಂತ ಮೇಲೆ ಕಂಡರೆ ನಾನು ಕೆಳಗಿದ್ದೇನೆ. ಆದರೆ ಈ ಒಂದು ಗೆರೆ ಸಾಲದು. ಆ ಗೆರೆಯ ಮೇಲೆ ಎಲ್ಲಿ ಬೇಕಾದರೂ ಇರಬಹುದು, ಐದು ಮೀಟರ್ ದೂರವೂ ಸರಿ, ಐವತ್ತು ಮೀಟರ್ ದೂರವೂ ಸರಿ. ಅದಕ್ಕೆ ಇನ್ನೊಂದು ಗೆರೆ ಬೇಕು. ಬಾಲದ ಅಡ್ಡರೆಕ್ಕೆಯ ತುದಿಯನ್ನೂ ಇಂಜಿನ್ನಿನ ಹಿಂಬಾಯಿಯನ್ನೂ ಸೇರಿಸುವ ಗೆರೆ. ಎರಡೂ ಗೆರೆ ಕೂಡುವ ಜಾಗವೇ ನನ್ನ ಜಾಗ.

ಇದು ಕಾಗದದ ಮೇಲೆ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ. ಕೈಗೆ ಬರಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ದೊಡ್ಡ ತೊಡಕು ಥ್ರಾಟಲ್. ಎಲ್-39ರ ಇಂಜಿನ್ ಅವಸರದ್ದಲ್ಲ. ಥ್ರಾಟಲ್ ಮುಂದಕ್ಕೆ ತಳ್ಳಿದರೆ ಮೊದಲು ಏನೂ ಆಗುವುದಿಲ್ಲ. ಆಮೇಲೆ ಇಂಜಿನ್ ನಿಧಾನವಾಗಿ ಸುತ್ತು ಏರಿಸುತ್ತದೆ. ಆಮೇಲೆ ಟನ್ನುಗಟ್ಟಲೆ ತೂಕದ ವಿಮಾನ ಆ ಬಲಕ್ಕೆ ಓಗೊಡಬೇಕು. ಅಷ್ಟರಲ್ಲಿ ನಾನು ಏನೂ ಆಗಲಿಲ್ಲವಲ್ಲ ಅಂತ ಇನ್ನಷ್ಟು ತಳ್ಳಿರುತ್ತೇನೆ. ಎರಡೂ ಸೇರಿ ಒಟ್ಟಿಗೆ ಬಂದಾಗ ವಿಮಾನ ಲೀಡನ್ನು ದಾಟಿ ಹೋಗಿರುತ್ತದೆ.

ಲೀಡ್ ಹೇಳಿಕೊಟ್ಟದ್ದು ಮೂರು ಹೆಜ್ಜೆ. ಹಿಂದೆ ಬಿದ್ದರೆ ಥ್ರಾಟಲ್ ಏರಿಸಿ. ವಿಮಾನ ಚಲಿಸಲು ಶುರು ಮಾಡಿದ್ದು ಕಂಡ ತಕ್ಷಣ, ಜಾಗಕ್ಕೆ ಬಂದು ಸೇರುವ ಮೊದಲೇ, ಏರಿಸಿದ್ದಕ್ಕಿಂತ ಜಾಸ್ತಿ ಇಳಿಸಿ. ನಿಂತ ಮೇಲೆ ಚೂರು ಏರಿಸಿ. ಕೊಡು, ತೆಗೆ, ಸ್ವಲ್ಪ ಕೊಡು. ಇದರಲ್ಲಿ ಎರಡನೇ ಹೆಜ್ಜೆಯೇ ಕಷ್ಟ. ಇನ್ನೂ ಹಿಂದೆಯೇ ಇದ್ದೇನೆ ಅಂತ ಕಣ್ಣು ಹೇಳುತ್ತಿರುವಾಗ ಕೈ ಥ್ರಾಟಲ್ ಇಳಿಸಬೇಕು. ಕಣ್ಣಿಗೆ ಈಗ ಕಾಣುತ್ತಿರುವುದನ್ನು ನಂಬಿದರೆ ತಡವಾಯಿತು ಅಂತಲೇ. ಎರಡು ಸೆಕೆಂಡ್ ಆಚೆ ಏನಿರುತ್ತದೋ ಅದಕ್ಕೆ ಈಗಲೇ ಕೈ ಓಡಬೇಕು. ಅಡುಗೆಯಲ್ಲಿ ಹದ ಅನ್ನುತ್ತೇವಲ್ಲ, ಪಾಕ ಎಳೆ ಬರುವ ಸ್ವಲ್ಪ ಮುಂಚೆಯೇ ಇಳಿಸುವುದು, ಅದೇ ಥರ. ಆ ಹದವನ್ನು ಯಾರೂ ಹೇಳಿಕೊಡಲಾಗುವುದಿಲ್ಲ. ನೂರು ಸಲ ತಪ್ಪಿದ ಮೇಲೆ ಕೈಯೇ ಕಲಿಯುತ್ತದೆ.

ಕೈಯ ಮಾತು ಬಂತು, ಹೇಳಿಬಿಡುತ್ತೇನೆ. ಮೊದಲ ವಾರಗಳಲ್ಲಿ ಹಾರಾಟ ಮುಗಿಸಿದಾಗ ನನ್ನ ಬಲಗೈ ನೋಯುತ್ತಿತ್ತು. ಜಾಯ್‌ಸ್ಟಿಕ್ಕನ್ನು ಅಷ್ಟು ಬಿಗಿಯಾಗಿ ಹಿಡಿದಿರುತ್ತಿದ್ದೆ. ಬಿಗಿ ಹಿಡಿದ ಕೈ ಸಣ್ಣ ಚಲನೆ ಮಾಡಲಾರದು. ಮೂಗು ಸ್ವಲ್ಪ ಏರಿತು ಅಂತ ಒತ್ತಿದರೆ ತುಂಬಾ ಇಳಿಯುತ್ತದೆ, ಎಳೆದರೆ ಇನ್ನೂ ಜಾಸ್ತಿ ಏರುತ್ತದೆ. ಹೀಗೆ ಒಂದರ ಹಿಂದೊಂದು ಏರಿಳಿತ ಬೆಳೆಯುತ್ತಲೇ ಹೋಗುತ್ತದೆ. ವಿಮಾನದ ತಪ್ಪೇನೂ ಇಲ್ಲ, ಪೈಲಟ್ಟೇ ಅದನ್ನು ಅಲ್ಲಾಡಿಸುತ್ತಿರುತ್ತಾನೆ. ನಿಜವಾದ ವಿಮಾನಗಳಲ್ಲೂ ಇದು ಆಗುತ್ತದೆ. ಮದ್ದು ಒಂದೇ, ಸ್ಟಿಕ್ಕನ್ನು ಒಂದು ಕ್ಷಣ ಅಲ್ಲಾಡಿಸದೆ ಬಿಡಬೇಕು.

ಒಂದು ಸಲ ನಾನು ಹೀಗೆ ಮೇಲೆ ಕೆಳಗೆ ಕುಣಿಯುತ್ತಿದ್ದಾಗ ಲೀಡ್ ಮೈಕಿನಲ್ಲಿ ಕೇಳಿದರು: “ಕಾಲ್ಬೆರಳು ಅಲ್ಲಾಡಿಸಿ ನೋಡೋಣ.”

ಅರ್ಥವಾಗಲಿಲ್ಲ. “ಏನು ಲೀಡ್?”

“ಕಾಲ್ಬೆರಳು. ಎರಡೂ ಕಾಲಿಂದು. ಅಲ್ಲಾಡಿಸಿ.”

ಅಲ್ಲಾಡಿಸಿದೆ. ಭುಜ ತಾನಾಗಿ ಕೆಳಗಿಳಿಯಿತು. ಮುಷ್ಟಿ ಸಡಿಲವಾಯಿತು. ಉಸಿರು ಬಿಟ್ಟೆ, ಅಲ್ಲಿಯವರೆಗೆ ಹಿಡಿದುಕೊಂಡಿದ್ದೆ ಅಂತ ಆಗ ಗೊತ್ತಾಯಿತು. ವಿಮಾನ ನಿಂತಿತು. ಇದು ನಿಜವಾದ ತರಬೇತುದಾರರು ತಮ್ಮ ಶಿಷ್ಯರಿಗೆ ಹೇಳುವ ಹಳೆಯ ಉಪಾಯವಂತೆ. ಬೆರಳು ಅಲ್ಲಾಡಿಸುತ್ತಲೇ ಮುಷ್ಟಿ ಬಿಗಿಯಾಗಿ ಇಡುವುದು ಮೈಗೆ ಕಷ್ಟ. ಈಗಲೂ ಪ್ರತಿ ಸಲ ಲೀಡ್ ಹತ್ತಿರ ಹೋಗುವ ಮುಂಚೆ ನಾನು ಮಾಡುವ ಮೊದಲ ಕೆಲಸ ಇದು.

ಸಾಮಾನಿನ ವಿಷಯವೂ ಇದೆ. ಮೇಜಿನ ಮೇಲಿಡುವ ಜಾಯ್‌ಸ್ಟಿಕ್ ತುಂಬಾ ಗಿಡ್ಡ. ನಿಜವಾದ ಸ್ಟಿಕ್ ಒಂದು ಗೇಣು ಚಲಿಸುವ ಕಡೆ ಇದು ಒಂದು ಬೆರಳು ಚಲಿಸುತ್ತದೆ. ಹಾಗಾಗಿ ನಡು ಭಾಗದಲ್ಲಿ ಚಲನೆ ಮೆದುವಾಗುವಂತೆ ಸೆಟ್ಟಿಂಗಿನಲ್ಲಿ ಕರ್ವ್ ಹಾಕಿಕೊಳ್ಳುತ್ತಾರೆ. ನಾನು ಅದರ ಜೊತೆಗೆ ಜಾಯ್‌ಸ್ಟಿಕ್ಕನ್ನು ಮೇಜಿನಿಂದ ಇಳಿಸಿ ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡೆ, ಮುಂಗೈಯನ್ನು ತೊಡೆಯ ಮೇಲೆ ಊರಿದೆ. ಅಮೆರಿಕ ನೌಕಾಪಡೆಯ ಬ್ಲೂ ಏಂಜಲ್ಸ್ ಅನ್ನುವ ಹಾರಾಟ ಪ್ರದರ್ಶನ ತಂಡದವರೂ ತೋಳನ್ನು ತೊಡೆಯ ಮೇಲೆ ಊರಿಯೇ ಹಾರುತ್ತಾರೆ. ಅದಕ್ಕಾಗಿಯೇ ಅವರು ಜಿ-ಸೂಟ್, ಅಂದರೆ ಜೋರು ತಿರುವಿನಲ್ಲಿ ರಕ್ತ ಕಾಲಿಗಿಳಿಯದಂತೆ ಒತ್ತಿ ಹಿಡಿಯುವ ಉಡುಪು, ತೊಡುವುದಿಲ್ಲ. ಆ ಉಡುಪು ಗಾಳಿ ತುಂಬಿ ಉಬ್ಬಿದರೆ ಊರಿದ ಕೈ ಅಲ್ಲಾಡಿಬಿಡುತ್ತದೆ. ಅವರ ಸ್ಟಿಕ್ಕಿಗೆ ಒಂದು ಸ್ಪ್ರಿಂಗ್ ಕೂಡ ಕಟ್ಟಿರುತ್ತಾರೆ. ಅದು ಸುಮಾರು 40 ಪೌಂಡ್ ಬಲದಿಂದ ಮೂಗನ್ನು ಸದಾ ಕೆಳಕ್ಕೆ ದೂಡುತ್ತಿರುತ್ತದೆ, ಪೈಲಟ್ ಸದಾ ಹಿಂದಕ್ಕೆ ಎಳೆದು ಹಿಡಿದಿರುತ್ತಾನೆ. ಬಿಗಿದ ಹಗ್ಗದ ಮೇಲೆ ಸಣ್ಣ ಮಿಡಿತವೂ ತಿಳಿಯುವ ಹಾಗೆ, ಆ ಎಳೆತದಲ್ಲಿ ಕೈಗೆ ಸೂಕ್ಷ್ಮ ಸಿಗುತ್ತದೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಸಡಿಲ ಕೈ ಬೇಕು ಅಂತ ನಾನು ಕಲಿಯುತ್ತಿದ್ದೆ, ಅವರು ಭಾರ ಹೊತ್ತ ಕೈಯಲ್ಲೂ ಅದೇ ಮೆದುತನ ಸಾಧಿಸಿದ್ದಾರೆ.

ಇನ್ನು ಕಣ್ಣಳತೆ. ಎರಡು ಕಣ್ಣು ಇರುವುದರಿಂದ ನಮಗೆ ಹತ್ತಿರದ ವಸ್ತು ಎಷ್ಟು ದೂರ ಇದೆ ಅಂತ ತಿಳಿಯುತ್ತದೆ. ಮಾನಿಟರ್ ಚಪ್ಪಟೆ. ಎರಡೂ ಕಣ್ಣಿಗೆ ಒಂದೇ ಚಿತ್ರ. ಹಾಗಾಗಿ ದೂರವನ್ನು ಗಾತ್ರ ನೋಡಿಯೇ ಅಂದಾಜು ಮಾಡಬೇಕು. ಗಾತ್ರ ಮೋಸ ಮಾಡುತ್ತದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಲೀಡ್ ಕಡೆಗೆ ಹೋಗುತ್ತಿದ್ದೇನೆ ಅಂದುಕೊಳ್ಳಿ. 1000 ಮೀಟರಿನಿಂದ 500 ಮೀಟರಿಗೆ ಬರುವಾಗ ಆ ವಿಮಾನ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಅದಕ್ಕೆ 50 ಸೆಕೆಂಡು ಹಿಡಿಯುತ್ತದೆ. 100ರಿಂದ 50ಕ್ಕೆ ಬರುವಾಗಲೂ ಎರಡು ಪಟ್ಟೇ ಆಗುತ್ತದೆ, ಆದರೆ ಐದೇ ಸೆಕೆಂಡಿನಲ್ಲಿ. ಇಷ್ಟು ಹೊತ್ತು ಬಾನಿನಲ್ಲಿ ಚುಕ್ಕೆಯಂತೆ ಸುಮ್ನೆ ಕೂತಿದ್ದ ವಿಮಾನ ಇದ್ದಕ್ಕಿದ್ದಂತೆ ಕಿಟಕಿ ತುಂಬಾ ಅರಳಿಬಿಡುತ್ತದೆ. ಹೊಸಬರು ಡಿಕ್ಕಿ ಹೊಡೆಯುವುದು ಅಲ್ಲೇ.

ನಾನು ಹೊಡೆದದ್ದೂ ಅಲ್ಲೇ. ಎರಡನೇ ವಾರ. ಲೀಡ್ ಎಡಕ್ಕೆ ತಿರುಗುತ್ತಾ ಇದ್ದರು, ನಾನು ಒಳಗಿನಿಂದ ಅಡ್ಡ ಹಾದು ಸೇರಿಕೊಳ್ಳಬೇಕಿತ್ತು. ವೇಗ ಜಾಸ್ತಿ ಇತ್ತು. ದಾಟಿ ಹೋಗುತ್ತೇನೆ ಅಂತ ಗೊತ್ತಾದಾಗ ಮಾಡಬೇಕಾದ್ದು ಒಂದೇ: ಇಳಿದು, ಅವರ ಕೆಳಗಿನಿಂದ ಹಿಂಬದಿಯಲ್ಲಿ ತಿರುವಿನ ಹೊರಗೆ ಹೋಗಿಬಿಡುವುದು, ಅವರನ್ನು ಕಣ್ಣಿನಿಂದ ಬಿಡದೆ. ನಾನು ಗಾಬರಿಯಲ್ಲಿ ರೆಕ್ಕೆ ಎತ್ತಿ ತಿರುಗಿಸಿದೆ. ನನ್ನ ಹೊಟ್ಟೆ ಅವರ ಕಡೆ ಆಯಿತು. ಅಂದರೆ ಅವರು ನನಗೆ ಕಾಣಿಸದಾದರು. ಒಂದು ಸೆಕೆಂಡು, ಅಷ್ಟೇ. ಆಮೇಲೆ ಶಬ್ದ.

ಇಬ್ಬರೂ ಹೊಸ ವಿಮಾನ ತೆಗೆದುಕೊಂಡು ರನ್‌ವೇಗೆ ಬಂದೆವು. ಲೀಡ್ ಬೈಯಲಿಲ್ಲ. “ಕಾಣ್ತಿಲ್ಲ ಅಂತ ಅನಿಸಿದ ಕೂಡಲೇ ಬಾಯಿ ಬಿಟ್ಟು ಹೇಳಿಬಿಡಿ. ಅದಕ್ಕೆ ನಾಚಿಕೆ ಪಡಬೇಡಿ” ಅಂದರು. ಆಮೇಲೆ 1966ರ ಜೂನ್ 8ರ ಘಟನೆಯನ್ನು ಹೇಳಿದರು. ಕ್ಯಾಲಿಫೋರ್ನಿಯಾದಲ್ಲಿ ಎಕ್ಸ್‌ಬಿ-70 ಅನ್ನುವ ಭಾರಿ ವಿಮಾನದ ಜೊತೆ ಇನ್ನೂ ನಾಲ್ಕು ವಿಮಾನಗಳು ಫೋಟೋ ತೆಗೆಸಿಕೊಳ್ಳಲು ಒತ್ತಾಗಿ ಹಾರುತ್ತಿದ್ದವು. ಅದರಲ್ಲಿ ಎಫ್-104 ಹಾರಿಸುತ್ತಿದ್ದವರು ಜೋ ವಾಕರ್, ಆ ಕಾಲದ ಅತಿ ಅನುಭವಿ ಪರೀಕ್ಷಾ ಪೈಲಟ್‌ಗಳಲ್ಲಿ ಒಬ್ಬರು. ಅವರ ವಿಮಾನ ಎಕ್ಸ್‌ಬಿ-70ಕ್ಕೆ ತಾಗಿತು. ವಾಕರ್ ತೀರಿಕೊಂಡರು. ಎಕ್ಸ್‌ಬಿ-70ರಲ್ಲಿದ್ದ ಕಾರ್ಲ್ ಕ್ರಾಸ್ ಕೂಡ ತೀರಿಕೊಂಡರು. ಯುದ್ಧವೂ ಅಲ್ಲ, ಪ್ರದರ್ಶನವೂ ಅಲ್ಲ, ಒಂದು ಫೋಟೋ. ಇದನ್ನು ಕೇಳಿದ ಮೇಲೆ ಸಿಮ್ಯುಲೇಟರ್‌ನಲ್ಲಿ ಇನ್ನೊಂದು ವಿಮಾನ ಸಿಗುತ್ತದೆ ಅನ್ನುವ ಸಡಿಲತನ ನನ್ನಿಂದ ಹೋಯಿತು. ಒಂದೇ ವಿಮಾನ ಇದೆ ಅನ್ನುವ ಹಾಗೆ ಹಾರಲು ಶುರು ಮಾಡಿದೆ.

ನೇರ ಹಾರಾಟದಲ್ಲಿ ಒಂದೆರಡು ನಿಮಿಷ ನಿಲ್ಲುವುದು ಬಂದ ಮೇಲೆ ತಿರುವು ಕಲಿಯಬೇಕು. ಇಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೆ.

ಒಬ್ಬನೇ ಹಾರುವಾಗ ತಿರುವು ಅಂದರೆ ನನ್ನ ರೆಕ್ಕೆ ವಾಲುವುದು, ದಿಗಂತ ಓರೆಯಾಗುವುದು. ಫಾರ್ಮೇಶನ್ನಿನಲ್ಲಿ ಹಾಗಲ್ಲ. ಲೀಡ್ ವಾಲಿದಾಗ ನಾನೂ ಅವರ ಜೊತೆ ಒಂದೇ ಹಲಗೆಗೆ ಮೊಳೆ ಹೊಡೆದ ಹಾಗೆ ವಾಲಬೇಕು. ಅವರು ನನ್ನಿಂದ ಆಚೆಗೆ ವಾಲಿದರೆ ನಾನು ಆ ಹಲಗೆಯ ಮೇಲ್ತುದಿಯಲ್ಲಿದ್ದೇನೆ, ಏರಬೇಕು. ತಿರುವಿನ ಹೊರಗಿದ್ದೇನೆ, ದೊಡ್ಡ ಸುತ್ತು ಹಾಕಬೇಕು, ಹಾಗಾಗಿ ಥ್ರಾಟಲ್ ಜಾಸ್ತಿ ಬೇಕು. ನನ್ನ ಕಡೆಗೆ ವಾಲಿದರೆ ಇಳಿಯಬೇಕು, ಥ್ರಾಟಲ್ ತೆಗೆಯಬೇಕು. ಇದೆಲ್ಲ ಸರಿಯಾಗಿ ಆದಾಗ ನನ್ನ ಕಣ್ಣಿನಲ್ಲಿ ಲೀಡ್ ವಿಮಾನ ಅಲ್ಲಾಡುವುದೇ ಇಲ್ಲ. ಅದು ಅಲ್ಲೇ, ಹಾಗೇ ಇರುತ್ತದೆ. ಅದರ ಹಿಂದೆ ಭೂಮಿ ಎದ್ದು ನಿಲ್ಲುತ್ತದೆ. ಬೆಟ್ಟಗಳು ಗೋಡೆಯಂತೆ ಏರಿ ಬರುತ್ತವೆ, ಸಮುದ್ರ ತಲೆಯ ಪಕ್ಕಕ್ಕೆ ಬರುತ್ತದೆ, ಸೂರ್ಯ ರೆಕ್ಕೆಯ ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾನೆ. ನಾವಿಬ್ಬರು ನಿಂತಲ್ಲೇ ನಿಂತಿದ್ದೇವೆ, ಲೋಕ ಉರುಳುತ್ತಿದೆ. ಮೊದಲ ಸಲ ಹಾಗೆ ಕಂಡ ದಿನ ನಾನು ಮಾತಾಡಲಿಲ್ಲ. ಮಾತಾಡಿದರೆ ಕೆಟ್ಟುಹೋಗುತ್ತದೇನೋ ಅನಿಸಿತು.

ಆಗ ತಿಳಿಯಿತು, ಲೀಡ್ ಪಕ್ಕದಲ್ಲಿ ಹಾರುವವನಿಗೆ, ಅಂದರೆ ವಿಂಗ್‌ಮನ್‌ಗೆ ಬೇರೆ ದಿಗಂತ ಇಲ್ಲ. ಲೀಡ್ ವಿಮಾನವೇ ದಿಗಂತ. ವೇಗ ಎಷ್ಟು, ಎತ್ತರ ಎಷ್ಟು, ಯಾವ ದಿಕ್ಕು, ಒಂದನ್ನೂ ನಾನು ನೋಡುವುದಿಲ್ಲ. ನೋಡಿದರೆ ಆ ಅರ್ಧ ಸೆಕೆಂಡಿನಲ್ಲಿ ಜಾರಿರುತ್ತೇನೆ. ನೆಲ ಎಲ್ಲಿದೆ ಅನ್ನುವುದನ್ನೂ ಅವರಿಗೇ ಬಿಟ್ಟುಕೊಟ್ಟಿರುತ್ತೇನೆ.

ಇದರ ಬೆಲೆ ಏನು ಅಂತ ನಿಜವಾದ ಪೈಲಟ್‌ಗಳಿಗೆ ಗೊತ್ತು. 1982ರ ಜನವರಿ 18ರಂದು ಅಮೆರಿಕ ವಾಯುಪಡೆಯ ಥಂಡರ್‌ಬರ್ಡ್ಸ್ ತಂಡದ ನಾಲ್ಕು ಟಿ-38 ವಿಮಾನಗಳು ನೆವಾಡಾದ ಇಂಡಿಯನ್ ಸ್ಪ್ರಿಂಗ್ಸ್‌ನಲ್ಲಿ ಪಕ್ಕಪಕ್ಕ ಸಾಲಾಗಿ ಲೂಪ್ (ಬಾನಿನಲ್ಲಿ ಮೇಲೆದ್ದು ಪೂರ್ತಿ ಸುತ್ತು) ಹಾಕುವ ಅಭ್ಯಾಸ ಮಾಡುತ್ತಿದ್ದವು. ಲೂಪಿನ ಕೊನೆಯಲ್ಲಿ ಲೀಡ್ ವಿಮಾನ ಮೇಲೇಳಲಿಲ್ಲ. ಅದರ ಹತೋಟಿಯ ಒಂದು ಭಾಗ ಸಿಕ್ಕಿಹಾಕಿಕೊಂಡಿತ್ತು ಅಂತ ಆಮೇಲೆ ವಾಯುಪಡೆಯ ತನಿಖೆ ಹೇಳಿತು. ಉಳಿದ ಮೂವರ ಕಣ್ಣು ಲೀಡ್ ಮೇಲಿತ್ತು. ನಾಲ್ಕೂ ವಿಮಾನಗಳು ನೆಲಕ್ಕೆ ಬಡಿದವು, ನಾಲ್ವರೂ ಹೋದರು. ಕೊನೆಯವರೆಗೂ ಅವರು ತಮ್ಮ ಜಾಗ ಬಿಟ್ಟಿರಲಿಲ್ಲ. ಇದನ್ನು ನಾನು ಮೆಚ್ಚಿ ಹೇಳುತ್ತಿಲ್ಲ, ನೋವಿನಿಂದ ಹೇಳುತ್ತಿದ್ದೇನೆ. ಆದರೆ ಪಕ್ಕದವರ ಮೇಲೆ ಕಣ್ಣಿಡುವುದು ಅಂದರೆ ಎಷ್ಟು ಪೂರ್ತಿಯಾಗಿ ಇಡುವುದು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಗೊತ್ತಿಲ್ಲ.

ಯುದ್ಧದಲ್ಲೂ ಇದರ ಪಾಠ ಆಗಿದೆ. 1940ರಲ್ಲಿ ಬ್ರಿಟಿಷ್ ವಾಯುಪಡೆಯ ಫೈಟರ್‌ಗಳು ಮೂರು ಮೂರಾಗಿ, ಬಾಣದ ಮೊನೆಯ ಆಕಾರದಲ್ಲಿ, ಒತ್ತಾಗಿ ಹಾರುತ್ತಿದ್ದವು. ಹಿಂದಿನ ಇಬ್ಬರಿಗೆ ಲೀಡ್ ನೋಡುವುದರಲ್ಲೇ ಹೊತ್ತು ಕಳೆದುಹೋಗುತ್ತಿತ್ತು, ಶತ್ರು ಬರುವುದನ್ನು ನೋಡಲು ಬಿಡುವಿರಲಿಲ್ಲ. ಜರ್ಮನ್ನರು ಸ್ಪೇನಿನ ಅಂತರ್ಯುದ್ಧದಲ್ಲಿ, ವರ್ನರ್ ಮೋಲ್ಡರ್ಸ್ ಅಂಥ ಪೈಲಟ್ಟುಗಳ ಕೈಯಲ್ಲಿ, ಸಡಿಲವಾದ ಜೋಡಿಗಳ ಪದ್ಧತಿ ಕಲಿತಿದ್ದರು. ನಾಲ್ಕು ವಿಮಾನ ಕೈಯ ನಾಲ್ಕು ಬೆರಳ ತುದಿಯಂತೆ, ನಡುವೆ ಬೇಕಾದಷ್ಟು ಅಂತರ. ಬ್ರಿಟಿಷರೂ ಆಮೇಲೆ ಅದಕ್ಕೇ ಬಂದರು. ಒತ್ತಾಗಿ ಹಾರುವುದು ಇಡೀ ಗಮನವನ್ನು ಕೇಳುತ್ತದೆ. ಬೇರೆ ಏನಕ್ಕೂ ಉಳಿಸುವುದಿಲ್ಲ.

ನನಗೆ ಬೇಕಾಗಿದ್ದದ್ದು ಅದೇ ಅನಿಸುತ್ತದೆ. ದಿನವಿಡೀ ಹತ್ತು ಕಡೆ ಹರಿದುಹೋಗುವ ಗಮನ, ಆ ಇಪ್ಪತ್ತು ನಿಮಿಷ ಒಂದು ಲೈಟಿನ ಮೇಲೆ ನಿಲ್ಲುತ್ತಿತ್ತು.

ಇಲ್ಲಿಗೆ ನಾನು ಕಲಿತೆ ಅಂದುಕೊಂಡೆ. ಆಗ ಒಂದು ವಿಚಿತ್ರ ಎದುರಾಯಿತು.

ಒಂದು ಸಂಜೆ ಬಹಳ ಚೆನ್ನಾಗಿ ಹಾರಿದೆ. ಲೈಟು ಗುರುತಿನ ಮೇಲೆ ಕೂತದ್ದು ಏಳಲೇ ಇಲ್ಲ. ಇಳಿದ ಮೇಲೆ ಹಿಗ್ಗಿನಿಂದ ಕೇಳಿದೆ, “ಲೀಡ್, ಹೇಗಿತ್ತು?” ಅವರು ಸ್ವಲ್ಪ ತಡೆದು ಹೇಳಿದರು, “ಚೆನ್ನಾಗಿತ್ತು. ನನ್ನ ಸ್ಕ್ರೀನಿನಲ್ಲಿ ನೀವು ಎರಡು ವಿಮಾನದಷ್ಟು ಹಿಂದೆ ಇದ್ರಿ.”

ಮೊದಲು ನಂಬಲಿಲ್ಲ. ನನ್ನ ರೆಕಾರ್ಡಿಂಗ್ ಕಳಿಸಿದೆ. ಅವರು ತಮ್ಮದನ್ನು ಕಳಿಸಿದರು. ಎರಡೂ ಒಂದೇ ಹಾರಾಟ, ಒಂದೇ ನಿಮಿಷ. ನನ್ನದರಲ್ಲಿ ನಾನು ಅವರ ರೆಕ್ಕೆಯ ಪಕ್ಕದಲ್ಲಿದ್ದೆ. ಅವರದರಲ್ಲಿ ಅಷ್ಟು ದೂರ ಹಿಂದೆ, ಆದರೆ ಅಲ್ಲಾಡದೆ, ಹಿಂಬಾಲಿಸುತ್ತಿದ್ದೆ.

ಕಾರಣ ಸರಳ. 250 ನಾಟ್ ವೇಗ ಅಂದರೆ ಸೆಕೆಂಡಿಗೆ ಸುಮಾರು 129 ಮೀಟರ್. ನಮ್ಮಿಬ್ಬರ ನಡುವೆ ಸುದ್ದಿ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಅಷ್ಟರಲ್ಲಿ ವಿಮಾನ 13 ಮೀಟರ್ ಮುಂದೆ ಹೋಗಿರುತ್ತದೆ. ಎಲ್-39ರ ಉದ್ದವೇ ಸುಮಾರು 12 ಮೀಟರ್. ಅಂದರೆ ನಾನು ನೋಡುತ್ತಿರುವ ಲೀಡ್, ಒಂದು ವಿಮಾನದಷ್ಟು ಹಿಂದಿನ ಲೀಡ್. ನಾನು ಅವರು ಇದ್ದ ಜಾಗದ ಪಕ್ಕದಲ್ಲಿ ನಿಂತಿದ್ದೇನೆ. ನಾನು ನಿಂತ ಸುದ್ದಿ ಅವರಿಗೆ ತಲುಪಲು ಮತ್ತೆ ಅಷ್ಟೇ ಹೊತ್ತು. ಎರಡೂ ತಡ ಸೇರಿ, ಅವರ ಕಣ್ಣಿಗೆ ನಾನು ಎರಡು ವಿಮಾನದಷ್ಟು ಹಿಂದೆ.

ಈ ದಾರಿಯ ತಡ ಪೂರ್ತಿ ಹೋಗುವುದಿಲ್ಲ, ಆದರೆ ಒಂದು ಸುದ್ದಿಗೂ ಇನ್ನೊಂದಕ್ಕೂ ನಡುವಿನ ಹೊತ್ತನ್ನು ತುಂಬಲು ಕಂಪ್ಯೂಟರ್‌ಗಳು ಊಹೆ ಮಾಡುತ್ತವೆ. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಟ್ಯಾಂಕ್ ಸಿಮ್ಯುಲೇಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಸಿಮ್‌ನೆಟ್ ಅನ್ನುವ ಯೋಜನೆ ನಡೆಸಿತು. ಎಲ್ಲರ ಚಲನೆಯನ್ನೂ ಪ್ರತಿ ಕ್ಷಣ ಕಳಿಸುತ್ತಾ ಕೂತರೆ ತಂತಿ ತುಂಬಿಹೋಗುತ್ತದೆ. ಹಾಗಾಗಿ ಪ್ರತಿಯೊಂದು ಕಂಪ್ಯೂಟರೂ ಉಳಿದವರ ಕೊನೆಯ ವೇಗ, ದಿಕ್ಕು ನೋಡಿ, ಈಗ ಇಲ್ಲಿರಬೇಕು ಅಂತ ಊಹಿಸಿ ತೋರಿಸುತ್ತದೆ. ಊಹೆ ತಪ್ಪುವಷ್ಟು ಬದಲಾದಾಗ ಮಾತ್ರ ಹೊಸ ಸುದ್ದಿ ಬರುತ್ತದೆ. ಹಳೆಯ ನಾವಿಕರು ನಕ್ಷತ್ರ ಕಾಣದಾಗ ವೇಗ ಮತ್ತು ಹೊತ್ತಿನ ಲೆಕ್ಕದಿಂದ ಹಡಗಿನ ಜಾಗ ಅಂದಾಜು ಮಾಡುತ್ತಿದ್ದ ವಿದ್ಯೆಯೇ ಇದು. ಇಂದಿನ ಆನ್‌ಲೈನ್ ಆಟಗಳಲ್ಲೂ ಅದೇ ಯೋಚನೆ ಬೇರೆ ಬೇರೆ ರೂಪದಲ್ಲಿ ಉಳಿದಿದೆ. ನೇರ ಹೋಗುತ್ತಿದ್ದರೆ ಊಹೆ ಸರಿಯಾಗಿರುತ್ತದೆ. ಯಾರಾದರೂ ಸ್ಟಿಕ್ಕನ್ನು ಜಗ್ಗಿದರೆ ಊಹೆ ಒಡೆಯುತ್ತದೆ, ಪಕ್ಕದ ವಿಮಾನ ಕಣ್ಣೆದುರೇ ನೆಗೆದು ಬೇರೆ ಕಡೆ ಕೂರುತ್ತದೆ.

ಅದಾದ ಮೇಲೆ ಕೆಲವು ದಿನ ನನಗೆ ಬೇಜಾರಾಗಿತ್ತು. ಅಷ್ಟು ತಿಂಗಳು ನಾನು ಅಂಟಿಕೊಂಡು ಹಾರಿದ್ದು ಅವರ ನೆರಳಿಗೇ? ಪಕ್ಕದಲ್ಲಿದ್ದೇನೆ ಅನ್ನುವುದು ನನ್ನ ಕಡೆಯಿಂದ ಮಾತ್ರ ನಿಜವಾಗಿದ್ದರೆ ಅದಕ್ಕೆ ಹತ್ತಿರ ಅನ್ನಬಹುದೇ? ಇದನ್ನು ಲೀಡ್ ಹತ್ತಿರ ಹೇಳಿಕೊಂಡೆ. ಅವರು, “ನಾಳೆ ನೀವೇ ಲೀಡ್ ಮಾಡಿ, ನಾನು ಹಿಂದೆ ಬರ್ತೀನಿ” ಅಂದರು.

ಮರುದಿನ ಮುಂದೆ ಹಾರಿದೆ. ಲೀಡ್ ಕೆಲಸ ಸುಲಭ ಅಂತ ನಾನು ತಿಳಿದಿದ್ದೆ, ಅವರ ಪಾಡಿಗೆ ಅವರು ಹೋಗುತ್ತಿರುತ್ತಾರೆ ಅಂತ. ಹಾಗಿಲ್ಲ. ಥ್ರಾಟಲ್ ಪೂರ್ತಿ ಕೊಡುವಂತಿಲ್ಲ, ಹಿಂದಿನವರಿಗೆ ಸೇರಿಕೊಳ್ಳಲು ಒಂದಿಷ್ಟು ಬಲ ಮಿಕ್ಕಿರಬೇಕು. ಪೂರ್ತಿ ತೆಗೆಯುವಂತಿಲ್ಲ, ಅವರು ನುಗ್ಗಿ ಬರುತ್ತಾರೆ. ಒಂದು ಕಡೆ ಇಟ್ಟು ಕೈ ತೆಗೆಯಬೇಕು. ತಿರುಗುವ ಮುಂಚೆ ಹೇಳಬೇಕು. ವಾಲುವುದು ಎಷ್ಟು ನಿಧಾನ ಅಂದರೆ, ಒಬ್ಬನೇ ಇದ್ದಾಗ ಯಾರೂ ಹಾಗೆ ವಾಲುವುದಿಲ್ಲ. ಹಾಗೆ ಮೆತ್ತಗೆ ಹಾರಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ವಿಂಗ್‌ಮನ್‌ನ ಕೈಗೆ ಹೊತ್ತು ಸಿಗುತ್ತದೆ, ಅವರ ಕಂಪ್ಯೂಟರಿನ ಊಹೆಯೂ ಒಡೆಯುವುದಿಲ್ಲ. ಅಷ್ಟು ತಿಂಗಳು ಲೀಡ್ ಯಾಕೆ ಅಷ್ಟು ಮೆತ್ತಗೆ ಹಾರುತ್ತಿದ್ದರು ಅಂತ ಆ ದಿನ ಕೈಯಿಂದಲೇ ತಿಳಿಯಿತು. ನನ್ನ ಆ ಅಲ್ಲಾಡದ ಚಿತ್ರ, ಭೂಮಿ ಎದ್ದು ನಿಂತ ಆ ತಿರುವು, ಅರ್ಧ ಅವರು ಮಾಡಿಕೊಟ್ಟದ್ದು. ನಾನು ಅವರ ಕಣ್ಣಿಗೆ ಹತ್ತಿರ ಕಾಣದಿದ್ದರೂ, ನನ್ನ ಸ್ಕ್ರೀನಿನಲ್ಲಿ ನಾನು ರೆಕ್ಕೆಯ ಪಕ್ಕದಲ್ಲೇ ಇದ್ದೇನೆ ಅಂತ ನಂಬಿಕೊಂಡು ಅವರು ಹಾರುತ್ತಿದ್ದರು.

ಹಿಂದೆ ತಿರುಗಿ ನೋಡಿದೆ. ನನ್ನ ಸ್ಕ್ರೀನಿನಲ್ಲಿ ಅವರು ಬಹಳ ದೂರದಲ್ಲಿದ್ದರು. ಅಲ್ಲಾಡುತ್ತಿರಲಿಲ್ಲ.

ಈಗ ವಾರಕ್ಕೊಂದು ಸಲ ಹೊಸಬರ ಜೊತೆ ನಾನೂ ಹಾರುತ್ತೇನೆ. ಹೋದ ವಾರ ಒಬ್ಬರು ಬಂದಿದ್ದರು, ಅವರಿಗೆ ಅದು ಐದನೇ ಸಂಜೆ. ಸಿಮ್ಯುಲೇಟರಿನ ಆಕಾಶದಲ್ಲಿ ಸೂರ್ಯ ಮುಳುಗುತ್ತಿದ್ದ. ಕೆಳಗೆ ಸಮುದ್ರ, ಮೇಲೆ ಒಂದೂ ಮೋಡ ಇಲ್ಲ. ಅವರು ಹಿಂದೆ ಬಿದ್ದು, ಮುಂದೆ ನುಗ್ಗಿ, ಏರಿ, ಇಳಿದು, ಬಹಳ ಹೊತ್ತು ಒದ್ದಾಡಿದರು. ನಾನು ಥ್ರಾಟಲ್ ಮುಟ್ಟಲಿಲ್ಲ. ಕಾಲ್ಬೆರಳು ಅಲ್ಲಾಡಿಸಲು ಹೇಳಿದೆ. ಆಮೇಲೆ ಮೈಕಿನಲ್ಲಿ ಅವರ ಉಸಿರು ನಿಧಾನ ಆಯಿತು.

“ಲೀಡ್, ಈಗ ಸರಿಯಾಗಿ ಇದೀನಿ ಅಲ್ವಾ?”

ನನ್ನ ಸ್ಕ್ರೀನಿನಲ್ಲಿ ಅವರು ಮೂವತ್ತು ಮೀಟರ್ ಹಿಂದೆ ಇದ್ದರು.

“ನನ್ನ ರೆಕ್ಕೆ ತುದಿ ಲೈಟು ಎಲ್ಲಿ ಕಾಣ್ತಿದೆ ನಿಮಗೆ?”

“ಗುರುತಿನ ಮೇಲೇ ಇದೆ.”

“ಅಲ್ಲಾಡ್ತಿದೆಯಾ?”

“ಇಲ್ಲ.” ಸ್ವಲ್ಪ ಹೊತ್ತು ಬಿಟ್ಟು, ತಗ್ಗಿದ ದನಿಯಲ್ಲಿ ಮತ್ತೆ ಅಂದರು, “ಇಲ್ಲ ಲೀಡ್, ಅಲ್ಲಾಡ್ತಿಲ್ಲ.”

“ಹಾಗಾದ್ರೆ ಸರಿಯಾಗೇ ಇದೀರಿ. ಎಡಕ್ಕೆ ತಿರುಗ್ತೀನಿ, ನಿಧಾನಕ್ಕೆ” ಅಂತ ಹೇಳಿ, ಮೂರು ಎಣಿಸಿ, ಸ್ಟಿಕ್ಕನ್ನು ಒಂದು ಕೂದಲೆಳೆಯಷ್ಟು ಎಡಕ್ಕೆ ಒತ್ತಿದೆ.